ಅಂಗಳದ ಪರಸಿ ಯಾರ ಬೆನ್ನಿನ ಅಳತೆ?

ಪಟ್ಟಣದ ಹೊಸ ಬಡಾವಣೆಗಳಲ್ಲಿ ಮನೆಯ ಹಿಂದೆ ಒಂದು ಕಲ್ಲುಹಾಸಿನ ಕಟ್ಟೆ ಮಾಡಿಸಿಕೊಳ್ಳುವುದು ಈಗ ದೊಡ್ಡಸ್ತಿಕೆ. ಅದಕ್ಕೆ ಪ್ಯಾಟಿಯೊ ಅಂತಾರೆ, ಡೆಕ್ ಅಂತಾರೆ. ಸ್ಪೇನಿನ ಜನ ತಮ್ಮ ಒಳಂಗಳಕ್ಕೆ ಇಟ್ಟುಕೊಂಡ ಹೆಸರು ಇಂಗ್ಲಿಷಿನ ದಾರಿ ಹಿಡಿದು ನಮ್ಮ ಗುತ್ತಿಗೆದಾರರ ಬಾಯಿಗೆ ಬಂದಿದೆ. ಜೊತೆಗೆ ‘ಮಾಡ್ಯುಲರ್’ ಎಂಬ ಇನ್ನೊಂದು ಮಾತು. ಅಂದರೆ ಲೆಕ್ಕಕ್ಕೆ ಹೊಂದುವ ಅಳತೆಯ ತುಂಡುಗಳು. ಜೋಡಿಸಿದರೆ ಕಟ್ಟೆ, ಬಿಚ್ಚಿದರೆ ಮತ್ತೆ ತುಂಡು. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೆ ಕೂರಿಸಬಹುದು. ಇದನ್ನು ಪರದೇಶದ ಜಾಣತನ ಅಂತ ಮಾರುತ್ತಾರೆ. ಕಲಬುರಗಿ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಕೇಳಿ ನಗು ಬರಬೇಕು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಿನಲ್ಲಿ ನೆಲವೇ ತುಂಡು ತುಂಡಾಗಿ ಎದ್ದು ಬರುತ್ತದೆ. ಎರಡು ಸಾವಿರ ವರ್ಷದಿಂದ ಜನ ಅದನ್ನು ಎಬ್ಬಿಸಿ, ಅಳತೆಗೆ ಹೊಡೆದು, ಹಾಸಿ, ಬೇಕಾದಾಗ ಕಿತ್ತು ಬೇರೆ ಕಡೆ ಹಾಸುತ್ತ ಬಂದಿದ್ದಾರೆ.

ನಾನು ಬಿ.ಎ.ನಲ್ಲಿ ಇತಿಹಾಸ ಓದಿದವನು. ಮೂರು ವರ್ಷ ಇದೇ ಕಲ್ಲು ಹಾಸಿದ ಕೋಣೆಯಲ್ಲಿ ಕೂತು ಸುಲ್ತಾನರ ಪಟ್ಟಿ ಬಾಯಿಪಾಠ ಮಾಡಿದೆವು. ಕಾಲ ಕೆಳಗೆ ಇದ್ದದ್ದರ ಬಗ್ಗೆ ಪಠ್ಯದಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮಪ್ಪ, ನಮ್ಮ ಕಾಕಾ, ನಮ್ಮ ಓಣಿಯ ಅರ್ಧ ಗಂಡಸರು ಆ ಕಲ್ಲಿನ ಖಣಿಯಲ್ಲಿ ಆಯುಷ್ಯ ಕಳೆದವರು. ಮನೆಯಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಹಾಗಾಗಿ ಈ ಚರಿತ್ರೆ ನನಗೆ ಅರ್ಧ ಪುಸ್ತಕದಿಂದ ಬಂದದ್ದು, ಅರ್ಧ ಅಪ್ಪನ ಬಾಯಿಂದ ಬಂದದ್ದು.

ಮೊದಲು ಕಲ್ಲಿನ ಗುಣ ಹೇಳಬೇಕು. ಇದು ಸುಣ್ಣದ ಕಲ್ಲು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ತೆಳು ನೀರಿನ ಸಮುದ್ರ ಇತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರು ಪದರಾಗಿ ಕೂತು, ಬಿಗಿದು, ಕಲ್ಲಾಯಿತು. ಭೂಗರ್ಭಶಾಸ್ತ್ರದವರು ಇದಕ್ಕೆ ಭೀಮಾ ಕಣಿವೆಯ ಶಿಲೆಗಳು ಅನ್ನುತ್ತಾರೆ. ಪದರುಗಳು ಇವತ್ತಿಗೂ ಬಹುಮಟ್ಟಿಗೆ ಅಡ್ಡಡ್ಡ, ಚಾಪೆ ಒಟ್ಟಿದ ಹಾಗೆ ಇವೆ. ಮೇಲಿನ ಕರಿಮಣ್ಣು ಸರಿಸಿ, ಪದರಿನ ಸಂದು ಹುಡುಕಿ, ಚಾಣ ಇಟ್ಟು ಹದವಾಗಿ ಬಡಿದು, ಹಾರೆ ಹಾಕಿ ಮೀಟಿದರೆ ಚಪ್ಪಡಿ ಎದ್ದು ಬರುತ್ತದೆ. ಮೈ ತಾನಾಗಿಯೇ ಸಮ ಇರುತ್ತದೆ. ಬೂದು, ನೀಲಿಗಪ್ಪು, ಅಲ್ಲಲ್ಲಿ ಕೆಂಪು ಛಾಯೆ. ಮೈಸೂರು ಕಡೆಯ ಕರಿಕಲ್ಲನ್ನು ಹೀಗೆ ಎಬ್ಬಿಸಲಿಕ್ಕೆ ಬರುವುದಿಲ್ಲ. ಅದನ್ನು ಬೆಂಕಿ ಹಾಕಿ ಕಾಯಿಸಬೇಕು, ಸಾಲಾಗಿ ಗೂಟ ಬಡಿದು ಸೀಳಬೇಕು. ಇಲ್ಲಿ ನೆಲವೇ ಹಾಳೆ ಹಾಳೆ. ಅಪ್ಪ ಅಂತಿದ್ದ: “ಕಲ್ಲಿನ ಮ್ಯಾಗ ಸಿಟ್ಟು ಮಾಡಬಾರದು ತಮ್ಮಾ. ಪದರು ಎಲ್ಲಿ ಬಿಡತೈತಿ ಅಂತ ಕಿವಿಗೊಟ್ಟು ಕೇಳಬೇಕು.” ಸದ್ದು ಬದಲಾದ ಕಡೆ ಉಳಿ ನಿಲ್ಲಿಸುತ್ತಿದ್ದ. ಈ ವಿದ್ಯೆಗೆ ಸರ್ಟಿಫಿಕೇಟು ಇಲ್ಲ.

ಇನ್ನು ಅಳತೆ. ಎರಡು ಅಡಿಗೆ ಎರಡು ಅಡಿ, ಒಂದೂವರೆ ಅಂಗುಲ ದಪ್ಪ. ಇದು ಪೇಟೆಯಲ್ಲಿ ರೂಢಿಯ ಅಳತೆಗಳಲ್ಲಿ ಒಂದು. ಶಾಲೆಯ ಮಾಸ್ತರರು ಹುಡುಗರಿಗೆ ಈ ಲೆಕ್ಕ ಕೊಡಬಹುದು. ಒಂದು ಘನ ಅಡಿ ಸುಣ್ಣದ ಕಲ್ಲು ಸುಮಾರು 75 ಕಿಲೊ ತೂಗುತ್ತದೆ. ಆ ಚಪ್ಪಡಿ ಅರ್ಧ ಘನ ಅಡಿ, ಅಂದರೆ 37 ಕಿಲೊಗೆ ಮೇಲೆ. ಎರಡು ಅಡಿಗೆ ಮೂರು ಅಡಿಯದಾದರೆ 56 ಕಿಲೊ. ಮೊದಲನೆಯದನ್ನು ಒಬ್ಬ ಗಂಡಾಳು ಹೊಟ್ಟೆಗೆ ಆನಿಸಿ ಎತ್ತುತ್ತಾನೆ. ಎರಡನೆಯದನ್ನು ಬೆನ್ನಿಗೆ ಹಾಕಿಕೊಳ್ಳಬೇಕು, ಇಲ್ಲವೇ ಇಬ್ಬರು ಹಿಡಿಯಬೇಕು. ಮೂರು ಅಡಿಗೆ ಮೂರು ಅಡಿಯದಾದರೆ 84 ಕಿಲೊ, ಇಬ್ಬರಿಗೂ ಉಸಿರು ಹಿಡಿಯುತ್ತದೆ. ಹಾಗಾದರೆ ಈ ‘ಮಾಡ್ಯೂಲ್’ ಯಾವ ಇಂಜಿನಿಯರನ ತಲೆಯಿಂದ ಹುಟ್ಟಿತು? ಹಸಿದ ಒಬ್ಬ ಆಳು ದಿನಕ್ಕೆ ನೂರು ಸಲ ಬಗ್ಗಿ ಎಷ್ಟು ಎತ್ತಬಲ್ಲ ಎಂಬ ಲೆಕ್ಕ ಇದರೊಳಗಿದೆ. ಕಲ್ಲಿನ ಅಳತೆ ಅಂತ ನಾವು ಕರೆಯುವುದು ಮೈಯ ಅಳತೆ.

ಹತ್ತು ಅಡಿಗೆ ಹನ್ನೆರಡು ಅಡಿಯ ಸಣ್ಣ ಕಟ್ಟೆ ತಗೊಳ್ಳಿ. ಎರಡಡಿ ಚಪ್ಪಡಿ ಮೂವತ್ತು ಬೇಕು. ತೂಕ 1125 ಕಿಲೊ, ಒಂದು ಟನ್ನಿಗೂ ಮೇಲೆ. ಪ್ರತಿ ಕಲ್ಲನ್ನು ಖಣಿಯಿಂದ ಮೇಲೆತ್ತಬೇಕು, ಅಂಚು ಹೊಡೆಯುವ ಜಾಗಕ್ಕೆ ಒಯ್ಯಬೇಕು, ಲಾರಿಗೆ ಏರಿಸಬೇಕು, ಇಳಿಸಬೇಕು, ಕೂರಿಸಬೇಕು. ಐದು ಸಲ. ಐದೂವರೆ ಟನ್ನಿಗೂ ಮಿಕ್ಕಿ ಭಾರ ಮನುಷ್ಯರ ಸೊಂಟದ ಮೇಲೆ ಹಾದುಹೋದ ಮೇಲೆ ಸಾಹೇಬರು ಅಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾರೆ.

ಈ ಕಲ್ಲನ್ನು ನಮ್ಮ ಕಡೆ ‘ಪರಸಿ’ ಅಂತಾರೆ. ನೆಲಹಾಸು ಎಂಬ ಅರ್ಥದ ‘ಫರ್ಶ್’ ಪಾರಸಿ ರಾಜ್ಯಭಾರದ ಜೊತೆ ದಖ್ಖನಿಗೆ ಬಂದು ಹೀಗೆ ಮೆತ್ತಗಾಯಿತು. ಆದರೆ ಮಾತಿಗಿಂತ ಕೆಲಸ ಹಳೆಯದು. ಭೀಮಾ ನದಿಯ ದಂಡೆಯ ಸನ್ನತಿಗೆ ಹೋದವರಿಗೆ ಇದು ಗೊತ್ತು. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠಕ್ಕೆ ಹಾಕಿದ್ದ ಕಲ್ಲನ್ನು ಆಮೇಲೆ ನೋಡಿದರೆ ಅದರ ಮೇಲೆ ಬ್ರಾಹ್ಮಿ ಲಿಪಿ! ಅಶೋಕನ ಶಾಸನ! ಬುದ್ಧನ ದಾರಿ ಹಿಡಿದ ದೊರೆ ಪ್ರಜೆಗಳಿಗೆ ಬರೆಸಿದ ಮಾತನ್ನು ಯಾರೋ ಯಾವಾಗಲೋ ಪೀಠದ ಅಡಿಗಲ್ಲು ಮಾಡಿ ಮುಚ್ಚಿಬಿಟ್ಟಿದ್ದರು. ಅರಿತು ಮಾಡಿದರೋ ಅರಿಯದೆ ಮಾಡಿದರೋ, ಮಾತು ಅಂತೂ ನೂರಾರು ವರ್ಷ ಕಲ್ಲಿನ ಕೆಳಗಾಯಿತು.

ಸನ್ನತಿಯ ಹತ್ತಿರವೇ ಕನಗನಹಳ್ಳಿ. 1994ರಿಂದ 2001ರವರೆಗೆ ಭಾರತೀಯ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಬಂತು. ‘ರಾಯೊ ಅಸೋಕೊ’ ಎಂದು ಹೆಸರು ಕೊರೆದ ಅಶೋಕನ ಚಿತ್ರ ಸಿಕ್ಕಿದ್ದು ಅಲ್ಲಿಯೇ. ಪತ್ರಿಕೆಗಳು ರಾಜನ ಮುಖ ಕಂಡು ಸಂಭ್ರಮಪಟ್ಟವು. ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಆ ಸ್ತೂಪಕ್ಕೆ ಹೊದಿಸಿದ್ದು, ಅದರ ಸುತ್ತ ಜನ ಪ್ರದಕ್ಷಿಣೆ ಹಾಕುವ ದಾರಿಗೆ ಹಾಸಿದ್ದು ಇದೇ ಸೀಮೆಯ ಸುಣ್ಣದ ಕಲ್ಲಿನ ಚಪ್ಪಡಿ. ನಮ್ಮಪ್ಪ ಎಬ್ಬಿಸಿದ್ದು ಅದೇ ಜಾತಿಯ ಕಲ್ಲು. (ಕಲ್ಲಿಗೆ ಜಾತಿ ಇರುವುದು ಈ ಅರ್ಥದಲ್ಲಿ ಮಾತ್ರ.) ಆ ಚಪ್ಪಡಿಗಳಲ್ಲಿ ಎಷ್ಟೋ ಕಲ್ಲುಗಳ ಮೇಲೆ ಅದನ್ನು ದಾನ ಕೊಟ್ಟವರ ಹೆಸರು ಇದೆ. ಭಿಕ್ಷುಗಳು, ಭಿಕ್ಷುಣಿಯರು, ಸಂಸಾರಸ್ಥರು. ಒಬ್ಬೊಬ್ಬರದು ಒಂದೊಂದು ಕಲ್ಲು. ಇಡೀ ಕಟ್ಟಡ ಒಬ್ಬ ದೊರೆಯ ಹೆಸರಲ್ಲಿ ಎದ್ದು ನಿಂತದ್ದಲ್ಲ. ತುಂಡು ತುಂಡಾಗಿ ಕಟ್ಟುವ ಕೆಲಸದ ನಿಜವಾದ ಬೆಲೆ ನನಗೆ ಅಲ್ಲಿ ಕಾಣುತ್ತದೆ: ಸಣ್ಣ ಮನುಷ್ಯನೂ ಒಂದು ತುಂಡಿನಷ್ಟು ಪಾಲುದಾರನಾಗಬಹುದು, ಹೆಸರು ಬರೆಸಬಹುದು, ಹೆಂಗಸೂ ಬರೆಸಬಹುದು.

ಆದರೆ ಗೆಳೆಯರೇ, ಅಲ್ಲಿಯೂ ಹೆಸರು ಇರುವುದು ಕಲ್ಲು ಕೊಟ್ಟವರದು. ಕಲ್ಲು ಎಬ್ಬಿಸಿದವನ ಹೆಸರಿಗಾಗಿ ಕಣ್ಣು ಸೋಲುವಷ್ಟು ಹುಡುಕಬೇಕು. ಬುದ್ಧನ ಕಾಲದ ನೆನಪನ್ನು ಬಂಗಾರ ಮಾಡಿ ತೋರಿಸುವ ನಮ್ಮವರು ಇದನ್ನೂ ಹೇಳಬೇಕು. ದಾನಕ್ಕೂ ದುಡಿಮೆಗೂ ನಡುವಿನ ಗೆರೆ ಅವತ್ತೂ ಇತ್ತು.

ಮುಂದಿನದು ಸುಲ್ತಾನರ ಕಾಲ. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ ವಿಚಿತ್ರ ಕಟ್ಟಡ. ಮಸೀದಿಗೆ ಸಾಮಾನ್ಯವಾಗಿ ಇರುವ ಬಯಲಂಗಳ ಅದಕ್ಕೆ ಇಲ್ಲ, ಇಡೀ ಜಾಗಕ್ಕೆ ಚಾವಣಿ. ಅಂಗಳಗಳು ಬೆಳೆದದ್ದು ವಾಡೆಗಳಲ್ಲಿ. ದೇಸಾಯಿ, ದೇಶಮುಖ, ಜಾಗೀರದಾರರ ವಾಡೆಗಳಲ್ಲಿ ನಡುವೆ ಪರಸಿ ಹಾಸಿದ ಚೌಕ, ಸುತ್ತ ಪಡಸಾಲೆ, ಮುಂದೆ ಕಟ್ಟೆ. ಯಾರು ಪಡಸಾಲೆಗೆ ಬರಬಹುದು, ಯಾರು ಕಟ್ಟೆಯ ಅಂಚಿಗೆ ಕೂರಬಹುದು, ಯಾರು ಬಾಗಿಲ ಹೊರಗೆ ಚಪ್ಪಲಿ ಕಳಚಿ ಮಣ್ಣಲ್ಲಿ ನಿಲ್ಲಬೇಕು, ಎಲ್ಲ ಗೊತ್ತಿದ್ದದ್ದೇ. ಹಾಸುವ ದಿನ ನಮ್ಮವರು ಒಳಗೆ, ಹಾಸಿ ಮುಗಿದ ಮರುದಿನ ಹೊರಗೆ. ಹಾಸುವಾಗ ಬಿದ್ದ ಬೆವರಿಗೆ ಮೈಲಿಗೆ ಇರಲಿಲ್ಲ ಏನು? ನೀರು ಚೆಲ್ಲಿ ತೊಳೆದರೆ ಕಲ್ಲು ಶುದ್ಧ ಆಗುತ್ತದಂತೆ. ಕಲ್ಲಿಗೆ ಇರುವ ಈ ಭಾಗ್ಯ ಮನುಷ್ಯನಿಗೆ ಇರಲಿಲ್ಲ.

ನಿಜಾಮನ ರಾಜ್ಯದಲ್ಲಿ ಬಿಟ್ಟಿ ಚಾಕರಿ ದೊಡ್ಡ ಪಿಡುಗು. ಸಾಲಕ್ಕೆ ಆಳಾಗಿ ನಿಂತವರನ್ನು ‘ಭಾಗೇಲ’ ಅಂತಿದ್ದರು. ಅವರ ಕರಾರಿಗೆ ಮಿತಿ ಹಾಕಲಿಕ್ಕೆ ಹೈದರಾಬಾದ್ ಸರ್ಕಾರ 1936ರಲ್ಲಿ ಒಂದು ಕಾನೂನು ತಂದಿತು. ಕಾಗದ ಊರಿಗೆ ಬರುವಷ್ಟರಲ್ಲಿ ದೇಶಮುಖನೇ ಅದನ್ನು ಓದಿ ಹೇಳುವವನಾಗಿರುತ್ತಿದ್ದ.

ಕಲ್ಲಿನ ಕೆಲಸ ಅಂದರೆ ವಡ್ಡರ ನೆನಪು ಬಾರದೆ ಇರದು. ಕಲ್ಲುವಡ್ಡರು, ಮಣ್ಣುವಡ್ಡರು ಎಂದು ಕೆಲಸದಿಂದಲೇ ಹೆಸರಾದವರು. ಒಡ್ರ ದೇಶ, ಅಂದರೆ ಇವತ್ತಿನ ಒಡಿಶಾದಿಂದ ಬಂದವರು ಅಂತ ಬ್ರಿಟಿಷ್ ಬರಹಗಾರರು ಬರೆದರು. ಕೆರೆ, ಕಾಲುವೆ, ಕೋಟೆ, ರಸ್ತೆ, ರೈಲುದಾರಿ, ಇವರ ಕೈ ತಾಗದ್ದು ಯಾವುದಿದೆ? ಇವತ್ತು ಭೋವಿ ಎಂಬ ಹೆಸರಲ್ಲಿ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಇಂಥವರ ಜಾತಿಯ ಹೆಸರನ್ನು ದಡ್ಡನಿಗೆ, ಒರಟನಿಗೆ ಬೈಗುಳ ಮಾಡಿಕೊಂಡಿರುವ ಭಾಷೆ ನಮ್ಮದು. ಎಂಟು ಅಡಿಗೆ ಒಂದು ಅಂಗುಲದ ಇಳಿಜಾರನ್ನು ಕಣ್ಣಳತೆಯಲ್ಲಿ ಹಿಡಿಯುವವನು ದಡ್ಡನಂತೆ!

ಇಳಿಜಾರಿನ ಮಾತು ಬಂತು, ಹಾಸುವ ಕ್ರಮವನ್ನೂ ಬರೆದಿಡುತ್ತೇನೆ. ಮೇಲಿನ ಮೆತ್ತನೆ ಮಣ್ಣು ತೆಗೆಯಬೇಕು. ಕರಿಮಣ್ಣಾದರೆ ಇನ್ನೂ ಆಳಕ್ಕೆ ತೆಗೆಯಬೇಕು, ಅದು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿದು ಕಲ್ಲನ್ನು ಎತ್ತಿ ಹಾಕುತ್ತದೆ. ಆ ಗುಂಡಿಗೆ ಒಡೆದ ಕಲ್ಲು, ಅದರ ಮೇಲೆ ಮೊರಮು, ನೀರು ಚಿಮುಕಿಸಿ ದಿಮ್ಮಸು. ದಿಮ್ಮಸು ಹೊಡೆಯುವುದು ನಮ್ಮ ಕಡೆ ಹೆಚ್ಚಾಗಿ ಹೆಂಗಸರ ಕೆಲಸ, ಕೂಲಿ ಮಾತ್ರ ಗಂಡಸಿಗಿಂತ ಕಡಿಮೆ. ಆಮೇಲೆ ಎರಡು ಅಂಗುಲ ಮರಳು. ಮನೆಯ ಗೋಡೆಯಿಂದ ಹೊರಕ್ಕೆ ನೀರು ಓಡುವಂತೆ ಗೂಟಕ್ಕೆ ದಾರ ಕಟ್ಟಿ, ರಸಮಟ್ಟ ಇಟ್ಟು ಇಳಿಜಾರು ಗುರುತು ಮಾಡಬೇಕು. ಮೊದಲ ಕಲ್ಲು ಮೂಲೆಯಲ್ಲಿ. ಅದು ತಪ್ಪಿದರೆ ಮೂವತ್ತೂ ತಪ್ಪುತ್ತವೆ. ಮೂಲೆಮಟ್ಟ ಹಿಡಿದು, ಕಟ್ಟಿಗೆಯ ಕೊಡತಿಯಿಂದ ನಡುವೆ ಹೊಡೆಯದೆ ಅಂಚಿನಿಂದ ಒಳಕ್ಕೆ ಮೆಲ್ಲಗೆ ಬಡಿದು ಕೂರಿಸಬೇಕು. ಕೂತ ಕಲ್ಲನ್ನು ತಟ್ಟಿದರೆ ಸದ್ದು ಗಟ್ಟಿ ಬರಬೇಕು. ಡೊಳ್ಳು ಸದ್ದು ಬಂದರೆ ಅಡಿಯಲ್ಲಿ ಪೊಳ್ಳು ಇದೆ, ಎತ್ತಿ ಮರಳು ತುಂಬಬೇಕು. ಸಂದಿಗೆ ಮರಳು ಗುಡಿಸಿ ಬಿಟ್ಟರೆ ಆಯಿತು. ಸಿಮೆಂಟು ಬೇಡ. ಬೇಕಾದಾಗ ಎತ್ತಿ ಬೇರೆ ಕಡೆ ಹಾಕಬಹುದು. ಒಂದು ಎಚ್ಚರ, ಇದು ಸುಣ್ಣದ ಕಲ್ಲು. ಆಸಿಡ್ ಹಾಕಿ ತೊಳೆದರೆ ನೊರೆ ಬಂದು ಮೈ ಸುಟ್ಟುಹೋಗುತ್ತದೆ. ನಿಂಬೆಹುಳಿಯೂ ಕಲೆ ಬಿಡುತ್ತದೆ.

ಇಷ್ಟನ್ನೂ ಒಂದು ಪುಸ್ತಕ ಓದದವರು ಮಾಡುತ್ತ ಬಂದರು.

ಕಲ್ಲನ್ನು ಊರು ದಾಟಿಸಿದ್ದು ರೈಲು. ಮುಂಬಯಿಯಿಂದ ಹೊರಟ ಜಿ.ಐ.ಪಿ. ಕಂಪನಿಯ ದಾರಿ ಸೊಲ್ಲಾಪುರ, ಕಲಬುರಗಿ, ವಾಡಿ ಹಾದು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮನ ರೈಲು ಶುರುವಾಯಿತು. ಅಲ್ಲಿಯವರೆಗೆ ಬಂಡಿ ಹೋಗುವಷ್ಟು ದೂರ ಹೋಗುತ್ತಿದ್ದ ಪರಸಿ ಈಗ ಮುಂಬಯಿ, ಪುಣೆ, ಹೈದರಾಬಾದುಗಳ ಮನೆ, ಚಾಳು, ಶಾಲೆ, ಫುಟ್‌ಪಾತುಗಳ ನೆಲವಾಯಿತು. ಮಹಾರಾಷ್ಟ್ರದಲ್ಲಿ ಇವತ್ತಿಗೂ ‘ಶಹಾಬಾದಿ ಫರಶಿ’ ಅಂದರೆ ಮಕ್ಕಳಿಗೂ ಗೊತ್ತು. ಊರಿನ ಹೆಸರು ಹೋಯಿತು, ಊರಿನ ಜನರ ಹೆಸರು ಹೋಗಲಿಲ್ಲ. ಇಲ್ಲಿಯೋ, ಬಡವರ ಮನೆಗೆ ಇದೇ ಕಲ್ಲು ಚಾವಣಿ. ಬೇಸಿಗೆಯಲ್ಲಿ ಹಗಲೆಲ್ಲ ಕಾದು ರಾತ್ರಿ ಮುಖಕ್ಕೆ ಉಗುಳುತ್ತದೆ. ಆಮೇಲೆ ಸಿಮೆಂಟ್ ಕಾರ್ಖಾನೆಗಳು ಬಂದು ಅದೇ ಸುಣ್ಣದ ಕಲ್ಲನ್ನು ಪುಡಿ ಮಾಡಿದವು. ಆ ಪುಡಿ ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ.

ಕಾನೂನಿನ ಕಡೆ ಬರೋಣ. 1952ರ ಗಣಿ ಕಾಯ್ದೆ ಕಾರ್ಮಿಕರ ಆರೋಗ್ಯ, ಸುರಕ್ಷತೆ, ಕೆಲಸದ ಹೊತ್ತು ಇವುಗಳ ಬಗ್ಗೆ ಒಳ್ಳೆಯ ಮಾತು ಆಡಿತು. ಆದರೆ ಅದರ 3ನೆಯ ಕಲಮಿನಲ್ಲಿ ಒಂದು ಬಾಗಿಲು ಇತ್ತು. ಕಟ್ಟಡದ ಕಲ್ಲು, ಸುಣ್ಣದ ಕಲ್ಲು ಇಂಥವುಗಳ ಬಯಲು ಖಣಿ ಆರು ಮೀಟರಿಗಿಂತ ಆಳ ಇಲ್ಲದಿದ್ದರೆ, ದಿನಕ್ಕೆ ಐವತ್ತಕ್ಕಿಂತ ಹೆಚ್ಚು ಆಳು ಇಲ್ಲದಿದ್ದರೆ, ಸಿಡಿಮದ್ದು ಬಳಸದಿದ್ದರೆ, ಕಾಯ್ದೆಯ ಬಹುಪಾಲು ಅದಕ್ಕೆ ತಾಗುತ್ತಿರಲಿಲ್ಲ. ಈಗ ನಮ್ಮ ಪರಸಿ ಖಣಿ ನೆನಪಿಸಿಕೊಳ್ಳಿ. ಪದರು ಮೇಲೆಯೇ ಸಿಗುತ್ತದೆ, ಆಳ ಬೇಡ. ಮದ್ದು ಹಾಕಿದರೆ ಚಪ್ಪಡಿ ಚೂರಾಗುತ್ತದೆ, ಹಾರೆ ಸಾಕು. ಒಂದು ಗುಂಡಿಗೆ ಹತ್ತು ಹದಿನೈದು ಜನ. ಕಾಯ್ದೆ ಬರೆದವರು ನಮ್ಮ ಗುಂಡಿಯ ಅಳತೆ ತಗೊಂಡು ಹೋಗಿ ಬರೆದರೇನೋ ಅನ್ನಿಸುತ್ತದೆ. ಪುಸ್ತಕದಲ್ಲಿ ಹೆಸರಿಲ್ಲ, ಹಾಜರಿ ಇಲ್ಲ. ಅಪ್ಪನ ಎಡಗೈ ಹೆಬ್ಬೆರಳು ಕಲ್ಲಿನಡಿ ಸಿಕ್ಕಿ ಚಪ್ಪಟೆಯಾದಾಗ ಮಾಲೀಕ ಮುನ್ನೂರು ರೂಪಾಯಿ ಕೊಟ್ಟು ಕಳಿಸಿದ. ಅದನ್ನೂ ಮುಂಗಡದ ಲೆಕ್ಕಕ್ಕೆ ಸೇರಿಸಿದ.

ಮುಂಗಡ! ಖಣಿಯಲ್ಲಿ ಸಂಕೋಲೆ ಅಂದರೆ ಇದೇ. 1976ರಲ್ಲಿ ಜೀತ ನಿರ್ಮೂಲನ ಕಾಯ್ದೆ ಬಂತು. 1983ರ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟು ಬಂಧುವಾ ಮುಕ್ತಿ ಮೋರ್ಚಾ ಮೊಕದ್ದಮೆಯಲ್ಲಿ ಹರಿಯಾಣದ ಫರೀದಾಬಾದಿನ ಕಲ್ಲುಖಣಿಗಳ ಜೀತಗಾರರ ಪರ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹುಟ್ಟಿದ್ದು ಒಂದು ಪತ್ರದಿಂದ ಎಂಬುದನ್ನು ನಮ್ಮ ಕಾರ್ಯಕರ್ತರು ನೆನಪಿಡಬೇಕು. ಪತ್ರವನ್ನೇ ಕೋರ್ಟು ಅರ್ಜಿಯಾಗಿ ಸ್ವೀಕರಿಸಿತು. ಇಷ್ಟಾದರೂ 2000ದಲ್ಲಿ ನಮ್ಮದೇ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಕಬ್ಬಿಣದ ಸರಪಳಿ ಹಾಕಿದ ಜೀತಗಾರರು ಸಿಕ್ಕರು. ರೈತ ಸಂಘದವರು ಅವರನ್ನು ಬೆಳಕಿಗೆ ತಂದರು. ನಾಡು ಒಂದು ವಾರ ಬೆಚ್ಚಿತು. ಸರಪಳಿ ಕಣ್ಣಿಗೆ ಕಾಣುವ ವಸ್ತು, ಅದಕ್ಕೇ ಬೆಚ್ಚಿತು. ಮುಂಗಡದ ಪುಸ್ತಕ ಕಾಣುವುದಿಲ್ಲ.

ಈಗ ಕಲ್ಲು ಸಮುದ್ರ ದಾಟಿದೆ. ಇಂಗ್ಲೆಂಡಿನಲ್ಲಿ ಮನೆ ಹಿಂದಿನ ಪ್ಯಾಟಿಯೊಗೆ ಭಾರತದ ಕಲ್ಲು ಅಂದರೆ ಪ್ರೀತಿ. ಹೆಚ್ಚಾಗಿ ಹೋಗುವುದು ರಾಜಸ್ಥಾನದ ಕೋಟಾ, ಬೂಂದಿ ಸುತ್ತಿನ ಮರಳುಗಲ್ಲು. ನಮ್ಮ ಸೇಡಮ್ಮಿನ ಪಕ್ಕದಲ್ಲೇ ತೆಲಂಗಾಣದ ತಾಂಡೂರಿನ ಸುಣ್ಣದ ಕಲ್ಲೂ ಹೊರದೇಶಕ್ಕೆ ಹೋಗುತ್ತದೆ. ಅಲ್ಲಿ ಮಾರುವುದು ನಾಲ್ಕು ಅಳತೆಯ ಕಲ್ಲು ಬೆರೆಸಿದ ಕಟ್ಟು: 900ಕ್ಕೆ 600 ಮಿಲಿಮೀಟರ್, 600ಕ್ಕೆ 600, 600ಕ್ಕೆ 290, 290ಕ್ಕೆ 290, ದಪ್ಪ 22. ಮನೆಯವನೇ ರಜಾದಿನ ಜೋಡಿಸಿಕೊಳ್ಳಬಹುದು. ಬೂದು ಬಣ್ಣದ ಒಂದು ಮರಳುಗಲ್ಲಿಗೆ ಅಲ್ಲಿ ‘ಕಾಂಡ್ಲಾ ಗ್ರೇ’ ಅಂತ ಹೆಸರು. ಕಾಂಡ್ಲಾ ಗುಜರಾತಿನ ಬಂದರು, ಅಲ್ಲಿ ಕಲ್ಲು ಹುಟ್ಟುವುದಿಲ್ಲ. ಹಡಗು ಹತ್ತಿದ ಜಾಗದ ಹೆಸರು ಉಳಿಯಿತು, ಎಬ್ಬಿಸಿದ ಜಾಗದ್ದು ಅಳಿಯಿತು. ನಮ್ಮ ಹೆಣ್ಣುಮಕ್ಕಳನ್ನು ಗಂಡನ ಮನೆಯ ಹೆಸರಿಂದ ಕರೆಯುವ ಹಾಗೆ!

ಆ ದೊಡ್ಡ ಚಪ್ಪಡಿ ಸುಮಾರು 28 ಕಿಲೊ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಸಲಹೆ ಪ್ರಕಾರ ಸೊಂಟದ ಮಟ್ಟದಲ್ಲಿ, ಮೈಗೆ ಹತ್ತಿರ ಹಿಡಿದು ಎತ್ತುವಾಗಲೂ ಗಂಡಸಿಗೆ 25 ಕಿಲೊ, ಹೆಂಗಸಿಗೆ 16 ಕಿಲೊ ದಾಟಿದರೆ ಅಪಾಯವನ್ನು ವಿಚಾರಿಸಿ ನೋಡಬೇಕು. ಒಳ್ಳೆಯ ಸಲಹೆ. ಅದನ್ನು ನಾನು ಗೇಲಿ ಮಾಡುವುದಿಲ್ಲ, ಅಲ್ಲಿನ ಕೂಲಿಕಾರರು ಸಂಘ ಕಟ್ಟಿ ಹೋರಾಡಿದ ದೇಶ ಅದು. ಅದೇ ಕಲ್ಲು ಇಲ್ಲಿ ಖಣಿಯಿಂದ ಮೇಲೇರುವಾಗ ಆ ಸಲಹೆ ಯಾವ ಭಾಷೆಯಲ್ಲಿ ಇತ್ತು ಎಂದಷ್ಟೇ ಕೇಳುತ್ತೇನೆ.

ದೂಳಿನ ಮಾತನ್ನೂ ಹೇಳಲೇಬೇಕು. ಮರಳುಗಲ್ಲು ಬಹುಪಾಲು ಸಿಲಿಕಾ. ಅದನ್ನು ಒಡೆಯುವಾಗ, ಕೊಯ್ಯುವಾಗ ಏಳುವ ಸಣ್ಣ ದೂಳು ಪುಪ್ಪುಸದಲ್ಲಿ ಕೂತು ಗಾಯ ಮಾಡುತ್ತದೆ. ಇದೇ ಸಿಲಿಕೋಸಿಸ್. ವಾಸಿಯಾಗುವ ಮದ್ದು ಇಲ್ಲ. ಎಷ್ಟೋ ಕಡೆ ಕ್ಷಯ ಅಂತ ತಪ್ಪು ಔಷಧ ಕೊಟ್ಟು ಕಳಿಸುತ್ತಾರೆ. ರಾಜಸ್ಥಾನದಲ್ಲಿ ಕಾರ್ಮಿಕರು, ಸಂಘಟನೆಗಳು ವರ್ಷಗಟ್ಟಲೆ ಬಡಿದಾಡಿದ ಮೇಲೆ ಅಲ್ಲಿಯ ಸರ್ಕಾರ 2019ರಲ್ಲಿ ಈ ರೋಗಕ್ಕಾಗಿ ಒಂದು ನೀತಿ ತಂದಿತು, ಪರಿಹಾರ ಗೊತ್ತುಮಾಡಿತು. ನಮ್ಮ ಸುಣ್ಣದ ಕಲ್ಲಿನಲ್ಲಿ ಸಿಲಿಕಾ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಉಳಿಯ ಕಾಲದಲ್ಲಿ ದೂಳು ಕಡಿಮೆ ಇತ್ತು. ಈಗ ಕೊಯ್ಯುವ ಯಂತ್ರ ಬಂದಿದೆ. ನೀರು ಬಿಟ್ಟು ಕೊಯ್ದರೆ ದೂಳು ಕೆಸರಾಗಿ ಕೆಳಗಿಳಿಯುತ್ತದೆ, ಒಣಗಲ್ಲು ಕೊಯ್ದರೆ ಮೂಗಿಗೆ ಹೋಗುತ್ತದೆ. ಒಂದು ನೀರಿನ ಪೈಪಿನ ಖರ್ಚು ಉಳಿಸುವುದಕ್ಕೆ ಒಂದು ಎದೆ ಕೊಡಬೇಕು. ಖಣಿಯ ಊರುಗಳಲ್ಲಿ ಪಾಠ ಮಾಡುವ ಮಾಸ್ತರರೇ, ಕೆಮ್ಮುವ ಅಪ್ಪಂದಿರನ್ನು ಎದೆಯ ಎಕ್ಸ್‌ರೇಗೆ ಕಳಿಸುವಾಗ ‘ಕಲ್ಲಿನ ಕೆಲಸದವನು’ ಅಂತ ಚೀಟಿಯಲ್ಲಿ ಬರೆದು ಕಳಿಸಿ. ಡಾಕ್ಟರು ಕೇಳದಿದ್ದರೂ ಬರೆದಿರಿ.

ಇನ್ನೊಂದು ಕೆಲಸವನ್ನೂ ಹಚ್ಚುತ್ತೇನೆ. ನಿಮ್ಮೂರಿನ ಶಾಲೆ, ಚಾವಡಿ, ಗುಡಿ, ದರ್ಗಾ, ಬಸ್ ನಿಲ್ದಾಣಗಳಲ್ಲಿ ಪರಸಿಯೋ ಚಪ್ಪಡಿಯೋ ಇದ್ದರೆ, ಅದನ್ನು ಎಬ್ಬಿಸಿದವರು ಯಾರು, ಹಾಸಿದವರು ಯಾರು, ದಿಮ್ಮಸು ಹೊಡೆದ ಹೆಂಗಸರು ಯಾರು ಅಂತ ಹಳಬರನ್ನು ಕೇಳಿ. ಉದ್ಘಾಟನೆ ಮಾಡಿದವರ ಹೆಸರು ಗೋಡೆಯ ಕಲ್ಲಿನಲ್ಲಿ ಇರುತ್ತದೆ, ಅದು ಬೇಡ. ಬದುಕಿರುವವರಾದರೆ ಅವರ ಒಪ್ಪಿಗೆ ಕೇಳಿ, ಹೆಸರು, ಊರು, ಎಷ್ಟು ವರ್ಷ ಖಣಿಯಲ್ಲಿದ್ದರು, ಕೂಲಿ ಎಷ್ಟಿತ್ತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಮ್ಮ ಓಣಿಯ ಹದಿನೇಳು ಹೆಸರು ನಾನು ಈಗಾಗಲೇ ಬರೆದಿಟ್ಟಿದ್ದೇನೆ.